ಬಿಳಿಚಿದ ಸಸಿಗಳು

ಹಸಿರುಮನೆಯ ಬೆಂಚಿನ ಕಾಲು ಸರಿಮಾಡಲು ಬಂದಿದ್ದ ಬಡಗಿ ಕೆಲಸ ಮುಗಿಸಿ, ನಲ್ಲಿಯಲ್ಲಿ ಕೈ ತೊಳೆದು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹುಬ್ಬಿನ ಮೇಲೆ ಇನ್ನೂ ಮರದ ಹೊಟ್ಟು ಅಂಟಿತ್ತು. "ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತಿದ್ದೀನಿ. ಅವರನ್ನೂ ಕೇಳಿದ್ದೀನಿ, ಬೇಡ ಅಂದಿಲ್ಲ" ಎಂದು ಒಂದೇ ಉಸಿರಿಗೆ ಹೇಳಿ, ಮಾಡಿದ ಕೆಲಸಕ್ಕೆ ಕೂಲಿಯನ್ನೂ ಕೇಳದೆ ಹೊರಟುಹೋದ. ಅಮ್ಮ ಸೌಟು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅನ್ನ ತಳ ಹಿಡಿದ ವಾಸನೆ ಬಂದಾಗಲೇ ಅವಳಿಗೆ ಎಚ್ಚರವಾದದ್ದು.

ಮಗಳಿಗೆ ಆಗ ನಲವತ್ತನಾಲ್ಕು. ಬಡಗಿ ಅವಳಿಗಿಂತ ಆರು ವರ್ಷ ದೊಡ್ಡವನು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಎರಡು ಬೀದಿ ಆಚೆ ಅವನ ಕೆಲಸದ ಕೊಟ್ಟಿಗೆ. ಈ ಮನೆಗೆ ಅವನು ಬಂದುಹೋಗುತ್ತಿದ್ದುದು ಹತ್ತು ವರ್ಷದಿಂದ; ಬೆಂಚುಗಳ ಕಾಲು ಅಷ್ಟೊಂದು ಸಲ ಯಾಕೆ ಅಲ್ಲಾಡುತ್ತಿದ್ದವು ಎಂಬುದನ್ನು ಅಮ್ಮ ಯೋಚಿಸಿರಲಿಲ್ಲ.

ಮನೆಯ ಪಕ್ಕದಲ್ಲೇ ಉದ್ದನೆಯ ಎರಡು ಹಸಿರುಮನೆಗಳು. ಬೀಜ ತಂದು, ಟ್ರೇಗಳಲ್ಲಿ ಬಿತ್ತಿ, ಬೆರಳುದ್ದದ ಸಸಿ ಮಾಡಿ, ಹೂ ಬೆಳೆಯುವವರಿಗೆ, ಉದ್ಯಾನಗಳಿಗೆ ಕೊಡುವುದು ಈ ಮನೆಯ ಕಸುಬು. ಒಂದೇ ಋತು ಬಾಳುವ ಹೂಗಳು. ಹಾಗಾಗಿ ಪ್ರತಿ ವರ್ಷವೂ ಮೊದಲಿನಿಂದ ಬಿತ್ತಬೇಕು. ಶುರುಮಾಡಿದವನು ಅಮ್ಮನ ಗಂಡ. ಅವನ ಜೊತೆ ಹದಿನೈದನೆಯ ವಯಸ್ಸಿನಿಂದ ದುಡಿದವಳು ಮಗಳು. ಇನ್ನೂರು ಗುಳಿಗಳ ಟ್ರೇಯಲ್ಲಿ, ಧೂಳಿನಂಥ ಬೀಜವನ್ನು ಮಡಿಸಿದ ಕಾಗದದ ಅಂಚಿನಿಂದ ಉಗುರಿನಲ್ಲಿ ತಟ್ಟಿ ತಟ್ಟಿ ಬೀಳಿಸುವಾಗ ಅವಳ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಉಸಿರು ಬಿಟ್ಟರೂ ಬೀಜ ಹಾರೀತು. ಯಾವುದಕ್ಕೆ ಮೇಲೆ ತೆಂಗಿನ ನಾರಿನ ಪುಡಿ ಮುಚ್ಚಿ ಕತ್ತಲೆ ಮಾಡಬೇಕು, ಯಾವುದನ್ನು ಬೆಳಕಿಗೆ ಬಿಡಬೇಕು, ಎಲ್ಲವೂ ಅವಳ ತಲೆಯಲ್ಲಿತ್ತು. ಬರೆದಿಟ್ಟದ್ದು ಎಲ್ಲೂ ಇಲ್ಲ.

ಮಗ ಅವಳಿಗಿಂತ ಎಂಟು ವರ್ಷ ಚಿಕ್ಕವನು. ಊರಾಚೆಯ ಬಸ್ ಕಂಪನಿಯೊಂದರಲ್ಲಿ ಕ್ಯಾಷಿಯರ್ ಆಗಿದ್ದವನು, ಮೂರು ವರ್ಷದ ಹಿಂದೆ ಅಪ್ಪ ಸತ್ತ ಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದು ಯಜಮಾನಿಕೆ ವಹಿಸಿಕೊಂಡಿದ್ದ. ವ್ಯಾನು ಓಡಿಸುವುದು, ಗಿರಾಕಿಗಳ ಜೊತೆ ಮಾತಾಡುವುದು ಅವನ ಪಾಲು. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದ. ಟ್ರೇಗಳತ್ತ ಮಾತ್ರ ಅವನು ನೋಡುತ್ತಿದ್ದುದು ಅಂಗಡಿಯವನು ಕಪಾಟು ನೋಡುವ ಹಾಗೆ: ತುಂಬಿದೆಯೋ, ಖಾಲಿಯೋ.

ಆ ದಿನ ಊಟಕ್ಕೆ ನಾಲ್ವರೂ ಕೂತಾಗ ಅಮ್ಮ ವಿಷಯ ಎತ್ತಿದಳು. ಎತ್ತದೆ ವಿಧಿಯಿರಲಿಲ್ಲ, ಸೀದ ಅನ್ನವನ್ನು ಏನೆಂದು ಬಡಿಸುವುದು?

"ಈ ವಯಸ್ಸಲ್ಲಾ?" ಎಂದ ಮಗ.

"ಯಾವ ವಯಸ್ಸಲ್ಲಿ ಕೇಳಿದ್ರೆ ಸರಿಹೋಗ್ತಿತ್ತು, ನೀನೇ ಹೇಳು" ಎಂದಳು ಮಗಳು. "ಇಪ್ಪತ್ತನಾಲ್ಕರಲ್ಲಿ ಒಬ್ಬರು ಕೇಳಿದ್ರು. ಆಗ ನೀನು ಲೆಕ್ಕದಲ್ಲಿ ಫೇಲಾಗಿ ಮೂಲೇಲಿ ಕೂತಿದ್ದೆ."

ಸೊಸೆ ನಗು ತಡೆಯಲು ನೀರಿನ ಲೋಟ ಬಾಯಿಗಿಟ್ಟಳು.

"ತಮಾಷೆ ಸಾಕು ಅಕ್ಕ. ದೊಡ್ಡ ಆರ್ಡರ್ ಒಪ್ಪಿಕೊಂಡಿದ್ದೀನಿ. ಹೂತೋಟದ ಯಜಮಾನರು ಇಡೀ ತೋಟಕ್ಕೆ ಸ್ಟಾಕ್ ಅನ್ನೋ ಹೂವಿನ ಸಸಿ ನಮ್ಮ ಹತ್ರಾನೇ ತಗೋತಾರೆ. ಬೀಜ ಬಂದು ಕೂತಿದೆ. ಈಗ ಮದುವೆ ಅಂದ್ರೆ?"

"ಮದುವೆ ಆಗೋಕೆ ಒಂದು ಗಂಟೆ ಸಾಕು. ಆಮೇಲೂ ಬಂದು ಬಿತ್ತಬಹುದು. ಎರಡು ಬೀದಿ ಆಚೆ, ಸಮುದ್ರ ದಾಟ್ಕೊಂಡು ಹೋಗ್ಬೇಕಾ?"

"ಹಾಗೇ ಅಂತಾರೆ ಎಲ್ಲರೂ. ಆಮೇಲೆ ಅವರ ಮನೆ ಒಲೆ, ಅವರ ಮನೆ ಬಟ್ಟೆ..."

ಇಬ್ಬರೂ ಅಮ್ಮನ ಮುಖ ನೋಡಿದರು. ಅಮ್ಮ ಮಗನ ತಟ್ಟೆಗೆ ಪಲ್ಯ ಹಾಕಿದಳು. "ಈ ಬಿತ್ತನೆ ಒಂದು ಮುಗೀಲಿ. ಆಮೇಲೆ ನೋಡೋಣ" ಎಂದಳು.

ಮಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ಇಪ್ಪತ್ತು ವರ್ಷದ ಹಿಂದೆ ನೀನು ಇದೇ ಮಾತು ಹೇಳಿದ್ದೆ. ಒಂದಕ್ಷರ ಬದಲಾಗಿಲ್ಲ ಅಮ್ಮ."

"ಅಮ್ಮನ್ನ ಯಾಕೆ ಅಂತೀಯಾ?" ಮಗನ ದನಿ ಏರಿತು. "ಅಪ್ಪ ಇದ್ದಾಗ ಎಲ್ಲ ನಿನ್ನಿಷ್ಟದ ಹಾಗೆ ನಡೀತು. ಈಗ ಜವಾಬ್ದಾರಿ ನಂದು. ನೀನಿಲ್ದಿದ್ರೆ ಬೀಜ ಮೊಳಕೆ ಒಡೆಯೋದೇ ಇಲ್ಲ ಅಂದ್ಕೊಂಡಿದ್ದೀಯಾ? ಇನ್ಮೇಲೆ ನಾನು ಹೇಳಿದಷ್ಟು ಮಾಡು, ಹೇಳಿದ ಹಾಗೆ ಮಾಡು. ನಿನ್ನ ಪಾಠ ನನಗೆ ಬೇಡ."

ಮಗಳು ಇಳಿಸಿದ್ದ ತುತ್ತನ್ನು ಮತ್ತೆ ಎತ್ತಿದಳು.

"ಆಯ್ತು" ಎಂದಳು.

ಆ ಒಂದು ಮಾತಿನ ಮೇಲೆ ಮನೆ ಮೂರು ವಾರ ನಡೆಯಿತು. ಹೇಳಿದ್ದನ್ನು ಮಾಡುತ್ತಿದ್ದಳು, ಹೇಳದ್ದನ್ನು ಮುಟ್ಟುತ್ತಿರಲಿಲ್ಲ. ಎರಡನೇ ಸಾಲಿಗೆ ನೀರು ಹಾಕು ಎಂದರೆ ಎರಡನೇ ಸಾಲಿಗೆ ಮಾತ್ರ. ಮೂರನೇ ಸಾಲು ಬಾಡುತ್ತಿದ್ದರೆ ಅದರ ಮುಂದೆಯೇ ಪೈಪು ಸುತ್ತಿಟ್ಟು ಬರುತ್ತಿದ್ದಳು. ರಾತ್ರಿ ಊಟಕ್ಕೆ ಎಲ್ಲರ ಜೊತೆಯೇ ಕೂರುತ್ತಿದ್ದಳು, ಆದರೆ ಅಕ್ಕ ತಮ್ಮನ ನಡುವಿನ ಮಾತು ಸೊಸೆಯ ಮೂಲಕ ಹೋಗಿ ಬರುತ್ತಿತ್ತು.

"ಅತ್ತಿಗೆ, ಉಪ್ಪು ಕೊಡಬೇಕಂತೆ."

"ಕೈ ಚಾಚಿದ್ರೆ ಸಿಗುತ್ತಂತೆ ಅನ್ನು."

"ನಾನೇನು ಅಂಚೆಯವಳಾ?" ಎಂದು ಸೊಸೆ ಒಂದು ದಿನ ಉಪ್ಪಿನ ಡಬ್ಬಿಯನ್ನು ಇಬ್ಬರ ಮಧ್ಯೆ ಕುಕ್ಕಿದಳು. "ತಿನ್ನೋರು ತಿನ್ನಿ, ಬಿಡೋರು ಬಿಡಿ."

ಅಮ್ಮ ಏನೂ ಹೇಳುತ್ತಿರಲಿಲ್ಲ. ಅವಳಿಗೆ ಅರವತ್ತೆಂಟು. ಮಂಡಿ ಎರಡೂ ನೋವು. ರಾತ್ರಿ ಮಗಳು ಅವಳ ಕೋಣೆಯಲ್ಲೇ, ಪಕ್ಕದ ಮಂಚದಲ್ಲೇ ಮಲಗುವುದು. ಬೆಳಿಗ್ಗೆ ಎದ್ದಾಗ ಮೊದಲು ಕೈ ಕೊಟ್ಟು ಎಬ್ಬಿಸುವವಳು ಅವಳು. ಆ ಮಂಚ ಖಾಲಿಯಾಗುವುದನ್ನು ಅಮ್ಮ ಎಣಿಸಲಾರಳು. ಹಾಗೆಂದು ಬಾಯಿಬಿಟ್ಟು "ನೀನು ಹೋಗಬೇಡ ಕಣೆ" ಎನ್ನಲೂ ಆರಳು. ಅವಳು ಆ ಬಗೆಯ ಹೆಂಗಸಲ್ಲ. ಕೇಳಿ ಪಡೆದದ್ದು ಅವಳ ಜೀವನದಲ್ಲಿ ಏನೂ ಇರಲಿಲ್ಲ. ಬೇಕಾದದ್ದೆಲ್ಲ ತಡಮಾಡಿ, ಸುಮ್ಮನಿದ್ದು, ತಾನಾಗಿ ಆಗುವ ಹಾಗೆ ನೋಡಿಕೊಂಡೇ ಬಂದದ್ದು.

ಇಷ್ಟರಲ್ಲಿ ಸ್ಟಾಕ್ ಸಸಿಗಳು ಎರಡೆರಡು ಎಲೆ ಬಿಟ್ಟು ಮೇಲೆದ್ದವು.

ಈ ಹೂವಿನದೊಂದು ವಿಚಿತ್ರ. ಒಂದೇ ಪೊಟ್ಟಣದ ಬೀಜದಲ್ಲಿ ಅರ್ಧಕ್ಕರ್ಧ ಒಂಟಿ ಹೂವಿನ ಗಿಡ, ನಾಲ್ಕೇ ಎಸಳು. ಉಳಿದರ್ಧ ತುಂಬು ಹೂವಿನದು, ಕೈಬೆರಳಿನ ಎಣಿಕೆಗೆ ಸಿಕ್ಕದಷ್ಟು ಎಸಳು ಒತ್ತಾಗಿ ತುಂಬಿದ್ದು. ಮಾರುಕಟ್ಟೆಯಲ್ಲಿ ಬೆಲೆ ಇರುವುದು ತುಂಬು ಹೂವಿಗೆ. ಹೂ ಬಿಡುವ ತನಕ ಕಾಯದೆ, ಸಸಿಯಿರುವಾಗಲೇ ಎರಡನ್ನೂ ಬೇರೆ ಮಾಡಲು ಒಂದು ದಾರಿಯಿತ್ತು. ಎರಡು ಮೂರು ದಿನ ಹಸಿರುಮನೆಯ ಬಾಗಿಲು ತೆಗೆದು ಸಸಿಗಳನ್ನು ಚಳಿಗೆ ಬಿಟ್ಟರೆ ಎಲೆಯ ಬಣ್ಣ ಒಡೆಯುತ್ತದೆ. ಕಡುಹಸಿರಾಗಿ, ಗಟ್ಟಿಮುಟ್ಟಾಗಿ ನಿಲ್ಲುವುದೆಲ್ಲ ಒಂಟಿ. ಕಾಯಿಲೆಯವರ ಹಾಗೆ ಬಿಳಿಚಿಕೊಂಡು ನಿಲ್ಲುವುದೇ ತುಂಬು. ಅದಕ್ಕೇ ಪ್ರತಿ ಗುಳಿಗೆ ಮೂರು ಬೀಜ ಹಾಕಿ, ಬಿಳಿಚಿದ್ದೊಂದನ್ನು ಉಳಿಸಿ, ಚೆನ್ನಾಗಿ ಕಾಣುವುದನ್ನೆಲ್ಲ ಕಿತ್ತು ಹಾಕುವುದು. ಮದುವೆಯಾದ ಹೊಸದರಲ್ಲಿ ಗಂಡ ಇದನ್ನು ಅಮ್ಮನಿಗೆ ತೋರಿಸಿದ್ದ. ಆಮೇಲೆ ಮಗಳಿಗೆ ಕಲಿಸಿದ. ಮಗನಿಗೆ ಕಲಿಸುವ ಸಂದರ್ಭ ಬರಲೇ ಇಲ್ಲ. ಮೊದಲೆಲ್ಲ ಸ್ಟಾಕ್ ಹಾಕುತ್ತಿದ್ದುದೂ ನಾಲ್ಕಾರು ಟ್ರೇ ಅಷ್ಟೇ.

ಆ ವಾರದ ಚಳಿಗೆ ಎಲೆಗಳ ಬಣ್ಣ ಒಡೆದಿತ್ತು. ಒಂದು ಬೆಳಿಗ್ಗೆ ಮಗ ಹಸಿರುಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು ಅಡುಗೆಮನೆಯ ಕಿಟಕಿಗೆ ಸ್ಪಷ್ಟವಾಗಿ ಕೇಳಿಸಿತು.

"ಸೋಮವಾರ ಯಜಮಾನರು ಸಸಿ ನೋಡೋಕೆ ಬರ್ತಾರೆ. ಟ್ರೇ ಹಸಿರಾಗಿ ಕಾಣ್ಬೇಕು. ಚೆನ್ನಾಗಿರೋದು ಒಂದೊಂದು ಉಳಿಸು, ಬಿಳಿಚ್ಕೊಂಡಿರೋದನ್ನೆಲ್ಲ ಕಿತ್ತುಬಿಡು."

"ಬಿಳಿಚಿರೋದನ್ನ ಕೀಳ್ಬೇಕಾ?" ಎಂದು ಮಗಳು ಕೇಳಿದಳು. ಮೂರು ವಾರದಲ್ಲಿ ಅವಳು ತಮ್ಮನನ್ನು ನೇರವಾಗಿ ಕೇಳಿದ್ದು ಅದೊಂದೇ ಪ್ರಶ್ನೆ.

"ಎಷ್ಟು ಸಲ ಹೇಳ್ಲಿ? ಅಷ್ಟೂ ಗೊತ್ತಾಗಲ್ವಾ?"

"ಆಯ್ತು."

ವ್ಯಾನು ಹೊರಟ ಸದ್ದಾಯಿತು. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಹೆಚ್ಚುತ್ತಲೇ ಇದ್ದಳು. ಮಗಳು ಹಾಗೆ ಮಾಡುವವಳಲ್ಲ, ತಮ್ಮನ ಮೇಲಿನ ಕೋಪಕ್ಕೆ ಟ್ರೇಯ ಮೇಲೆ ಕೈ ಮಾಡುವವಳಲ್ಲ ಎಂದುಕೊಂಡಳು.

ಮಧ್ಯಾಹ್ನ ಅಮ್ಮ ಊಟದ ಡಬ್ಬಿ ತೆಗೆದುಕೊಂಡು ಹಸಿರುಮನೆಗೆ ಹೋದಳು. ಮಗಳು ಮುಕ್ಕಾಲಿಯ ಮೇಲೆ ಕೂತು, ಚಿಮಟದಿಂದ ಒಂದೊಂದೇ ಸಸಿಯನ್ನು ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಬಕೆಟ್ಟಿನಲ್ಲಿದ್ದವೆಲ್ಲ ತೆಳುಹಳದಿ. ಟ್ರೇಗಳಲ್ಲಿ ಉಳಿದವೆಲ್ಲ ಕಡುಹಸಿರು, ಕವಾಯತಿಗೆ ನಿಂತ ಹಾಗೆ. ಅಮ್ಮನ ಕಣ್ಣಿಗೆ ಪೊರೆ ಬರುತ್ತಿದ್ದುದು ನಿಜ, ಆದರೆ ಅಷ್ಟು ಬಣ್ಣ ಕಾಣದಷ್ಟಲ್ಲ.

ಮಗಳು ಚಿಮಟ ಹಿಡಿದ ಕೈಯನ್ನು ನಿಲ್ಲಿಸಿ ತಲೆಯೆತ್ತಿದಳು. "ಏನಮ್ಮ?"

ಅಮ್ಮ ಬಕೆಟ್ಟನ್ನು ನೋಡಿದಳು, ಮಗಳನ್ನು ನೋಡಿದಳು.

"ಏನಿಲ್ಲ. ತಣ್ಣಗಾಗುತ್ತೆ, ಊಟ ಮಾಡು."

ನಾಲ್ಕು ಗಂಟೆಗೆ ಚಹಾ ತೆಗೆದುಕೊಂಡು ಮತ್ತೆ ಹೋದಳು. ಬಕೆಟ್ಟು ಎರಡಾಗಿದ್ದವು. ಮೇಲೆ ಒದ್ದೆ ಬಟ್ಟೆ ಹೊದಿಸಿತ್ತು. ಮಗಳು ಚಹಾ ಕುಡಿಯುತ್ತ ಅಮ್ಮನ ಮುಖವನ್ನೇ ನೋಡುತ್ತಿದ್ದಳು. "ಸಕ್ಕರೆ ಸಾಕಾ?" ಎಂದು ಕೇಳಿದಳು ಅಮ್ಮ. ಸಾಕು ಎಂದಳು ಮಗಳು. ದೀಪ ಹಾಕುವ ಹೊತ್ತಿಗೆ, ಖಾಲಿ ಲೋಟ ತರುವ ನೆಪದಲ್ಲಿ, ಮಂಡಿ ಹಿಡಿದುಕೊಂಡು ಮೂರನೆಯ ಸಲವೂ ಹೋದಳು. ಲೋಟ ತೆಗೆದುಕೊಂಡು ವಾಪಸು ಬಂದಳು.

ಅವಳ ಲೆಕ್ಕ ಸರಳವಾಗಿತ್ತು. ಈಗ ಹೇಳಿದರೆ ತಪ್ಪು ಇಲ್ಲೇ ನಿಂತುಹೋಗುತ್ತದೆ, ಮಗ ಗೊಣಗಿ ಮರೆಯುತ್ತಾನೆ, ಮಗಳು ಬಡಗಿಯ ಮನೆಗೆ ಹೋಗುತ್ತಾಳೆ. ಹೇಳದಿದ್ದರೆ ಹೂ ಬಿಡುವಾಗ ಮಗನಿಗೆ ಬುದ್ಧಿ ಬರುತ್ತದೆ. ಅಕ್ಕ ಇಲ್ಲದೆ ಈ ಮನೆ ನಡೆಯದು ಎಂದು ಕಣ್ಣಾರೆ ಕಂಡಮೇಲೆ ಅವನೇ ಅವಳ ಕೈಕಾಲು ಹಿಡಿದು ಉಳಿಸಿಕೊಳ್ಳುತ್ತಾನೆ. ತಾನು ಕೇಳಬೇಕಾದ್ದನ್ನು ಅವನು ಕೇಳುತ್ತಾನೆ. ಒಂದು ಬೆಳೆ ಹೋದರೆ ಹೋಗಲಿ.

ಸೋಮವಾರ ಹೂತೋಟದ ಯಜಮಾನರು ಬಂದರು. ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಕೊಡೆ ಇಟ್ಟುಕೊಂಡೇ ಓಡಾಡುವ ಮನುಷ್ಯ. ಟ್ರೇಗಳ ಸಾಲಿನ ಮುಂದೆ ನಿಂತು, "ಅಬ್ಬಾ, ಎಷ್ಟು ಹಸಿರಾಗಿದೆ! ನಿಮ್ಮಪ್ಪನ ಕಾಲದಲ್ಲೂ ಹೀಗೆ ನೋಡಿರ್ಲಿಲ್ಲ" ಎಂದರು. ಮಗನ ಎದೆ ಉಬ್ಬಿತು. ಮಗಳು ಪೆನ್ಸಿಲಿನಲ್ಲಿ ಚೀಟಿಗಳಿಗೆ ಹೆಸರು ಬರೆಯುತ್ತ ತಲೆಯೆತ್ತಲಿಲ್ಲ. ಎರಡು ವಾರದ ಮೇಲೆ ಸಸಿಗಳು ವ್ಯಾನು ಹತ್ತಿ ಹೋದವು.

ಮಧ್ಯದ ಎಂಟು ವಾರ ಬೇರೆ ಬಿತ್ತನೆ, ಬೇರೆ ಟ್ರೇಗಳು. ಬಡಗಿ ಬರಲಿಲ್ಲ. ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಮಗ ತಾನಾಗಿಯೇ ಒಂದೆರಡು ಸಲ "ಅಕ್ಕ, ನಿನ್ನ ಪೆಟೂನಿಯಾ ಚೆನ್ನಾಗಿ ಬಂದಿದೆ" ಎಂದು ರಾಜಿಗೆ ಬಂದ. ಅವಳು "ಹೂಂ" ಎಂದಳು. ಸಂಜೆಯ ಹೊತ್ತು ಅವಳು ಸ್ವಲ್ಪ ತಿರುಗಾಡಿ ಬರುತ್ತೇನೆಂದು ಹೋಗುತ್ತಿದ್ದಳು. ಬರುವಾಗ ಒಮ್ಮೊಮ್ಮೆ ಕೂದಲಲ್ಲಿ ಮರದ ಹೊಟ್ಟಿರುತ್ತಿತ್ತು. ಸೊಸೆ ಅದನ್ನು ಕಂಡು ಬೆರಳಿನಿಂದ ತೆಗೆದು ಹಾಕುತ್ತಿದ್ದಳು. ಅಮ್ಮ ಗೋಡೆ ನೋಡುತ್ತಿದ್ದಳು.

ಆಮೇಲೆ ಒಂದು ಭಾನುವಾರ, ಎಲ್ಲರೂ ಮೊಟ್ಟೆ ಬೇಯಿಸಿಕೊಂಡು ತಿಂಡಿಗೆ ಕೂತಿದ್ದಾಗ, ಯಜಮಾನರು ನೇರ ಒಳಗೇ ಬಂದರು. ಕೊಡೆಯನ್ನು ಕುರ್ಚಿಗೆ ಒರಗಿಸಿ, ಮೇಜಿನ ಮೇಲೆ ಒಂದು ಕಡ್ಡಿ ಇಟ್ಟರು. ತೆಳ್ಳಗೆ, ಅಲ್ಲೊಂದು ಇಲ್ಲೊಂದು ನಾಲ್ಕೆಸಳಿನ ಹೂ.

"ಇದೇನು ಹೇಳಪ್ಪ."

"ಸ್ಟಾಕ್" ಎಂದ ಮಗ.

"ಇದನ್ನ ಯಾರು ಕೊಳ್ತಾರೆ? ಹಸು ತಿನ್ನುತ್ತಾ ಕೇಳ್ಬೇಕು. ಇಡೀ ತೋಟ ಹೀಗೇ ಇದೆ. ಒಂದು ಗಿಡ, ಒಂದೇ ಒಂದು ಗಿಡ ತುಂಬು ಹೂವಿಂದಿಲ್ಲ. ಅರ್ಧಕ್ಕರ್ಧ ತಪ್ಪಿದ್ರೆ ನಾನು ಬರ್ತಿರ್ಲಿಲ್ಲ. ನೂರಕ್ಕೆ ನೂರು ತಪ್ಪಾಗ್ಬೇಕಾದ್ರೆ ಅದಕ್ಕೂ ಕೈಗುಣ ಬೇಕಪ್ಪ!"

"ಬೀಜದವನ ಮೋಸ" ಎಂದು ಮಗ ಎದ್ದು ನಿಂತ. "ನಾಳೆ ಬೆಳಿಗ್ಗೆನೇ ಅವನ ಜುಟ್ಟು ಹಿಡೀತೀನಿ..."

"ಬೀಜದ ತಪ್ಪಲ್ಲ" ಎಂದಳು ಮಗಳು. "ಆರಿಸಿದ್ದು ನಾನು. ತುಂಬು ಹೂವಿನ ಸಸೀನೆಲ್ಲ ಕಿತ್ತೆ. ಬಿಳಿಚಿರೋದೇ ತುಂಬು."

ಯಜಮಾನರು ಅವಳನ್ನು ನೋಡಿ, ಅವನನ್ನು ನೋಡಿ, ಕುರ್ಚಿಯ ಮೇಲೆ ಕೂತುಬಿಟ್ಟರು. "ಗೊತ್ತಿದ್ದೂ?"

"ಗೊತ್ತಿದ್ದೂ."

ಮಗನ ಮುಖದಿಂದ ಬಣ್ಣ ಇಳಿಯಿತು. "ಯಾಕೆ ಹೇಳ್ಲಿಲ್ಲ ನೀನು?"

"ಕೇಳಿದೆ. ಬಿಳಿಚಿರೋದನ್ನ ಕೀಳ್ಬೇಕಾ ಅಂತ ಕೇಳಿದೆ. ಎಷ್ಟು ಸಲ ಹೇಳ್ಲಿ ಅಂದೆ ನೀನು."

ಅವನು ಅಮ್ಮನ ಕಡೆ ತಿರುಗಿದ. "ಅಮ್ಮ, ನೀನು ದಿನಾ ಅಲ್ಲಿಗೆ ಊಟ ತಗೊಂಡು ಹೋಗ್ತಿದ್ದೆ. ನಿನಗೆ ಗೊತ್ತಾಗ್ಲಿಲ್ವಾ?"

ಎಲ್ಲರೂ ಅಮ್ಮನನ್ನು ನೋಡಿದರು. ಮಗಳೂ ನೋಡಿದಳು.

"ನನ್ನ ಕಣ್ಣಿಗೆ ಈಗ ಯಾವ ಬಣ್ಣ ಕಾಣುತ್ತೆ ಮಗಾ" ಎಂದಳು ಅಮ್ಮ. "ಹಾಲಿಗೂ ಚಹಾಗೂ ವ್ಯತ್ಯಾಸ ಗೊತ್ತಾದ್ರೆ ಹೆಚ್ಚು."

ಮಗಳು ಮೊಟ್ಟೆಯ ಸಿಪ್ಪೆಯನ್ನು ತಟ್ಟೆಯ ಒಂದು ಬದಿಗೆ ಒಟ್ಟುಮಾಡಿದಳು. ಎದ್ದು ಕೈ ತೊಳೆದು ಬಂದು ಯಜಮಾನರ ಮುಂದೆ ನಿಂತಳು. "ನಿಮಗೆ ನಾನು ಮಾಡಿದ್ದು ಅನ್ಯಾಯ. ಇವತ್ತೇ ಮತ್ತೆ ಬಿತ್ತುತ್ತೀನಿ. ತಡವಾದ ಬೆಳೆ, ಆದ್ರೆ ಬರುತ್ತೆ. ಪ್ರತಿ ಸಸೀನೂ ನಾನೇ ಆರಿಸಿ ಕೊಡ್ತೀನಿ. ಅದಕ್ಕೆ ನೀವೇನೂ ಕೊಡಬೇಡಿ."

"ನಿಮ್ಮಪ್ಪನ ಮುಖ ನೋಡಿ ಒಪ್ಕೋತಿದ್ದೀನಿ" ಎಂದರು ಯಜಮಾನರು. ಕೊಡೆಯನ್ನು ಮರೆತು ಹೋದರು, ಸೊಸೆ ಬೀದಿಯವರೆಗೂ ಓಡಿ ಕೊಟ್ಟುಬಂದಳು.

ಅಮ್ಮ ಎಣಿಸಿದ್ದು ಎಣಿಸಿದ ಹಾಗೆಯೇ ಆಯಿತು. ಅಂದು ಸಂಜೆಯೇ ಮಗ ಹಸಿರುಮನೆಗೆ ಹೋಗಿ ಅಕ್ಕನ ಎದುರು ನಿಂತು ಅತ್ತ. "ನಾನು ಕತ್ತೆ. ನೀನಿಲ್ದೆ ನನ್ನ ಕೈಲಿ ಆಗಲ್ಲ ಅಕ್ಕ." ಅವಳು ಅವನ ಕೈಗೆ ನೀರಿನ ಪೈಪು ಕೊಟ್ಟು, "ಅಳೋದು ಅತ್ತ ಕಡೆ ತಿರುಗಿ ಅಳು, ಬೀಜ ಒದ್ದೆ ಆಗುತ್ತೆ" ಎಂದಳು. ಅಷ್ಟು ಸಾಕಾಯಿತು. ಮರುದಿನದಿಂದ ಊಟದ ಮೇಜಿನಲ್ಲಿ ಉಪ್ಪು ನೇರವಾಗಿ ಓಡಾಡಿತು. ಮಗ ಬೆಳಿಗ್ಗೆ ಎದ್ದು ಟ್ರೇ ತೊಳೆದ, ಪುಡಿ ನೆನೆಸಿದ. ಸೊಸೆ ಮಧ್ಯಾಹ್ನವಿಡೀ ಅತ್ತಿಗೆಯ ಪಕ್ಕದಲ್ಲಿ ಮುಕ್ಕಾಲಿ ಹಾಕಿಕೊಂಡು ಕೂತಳು. ಮೊಳಕೆ ಬಂತು, ಎಲೆ ಬಂತು, ಬಾಗಿಲು ತೆಗೆದು ಚಳಿಗೆ ಬಿಟ್ಟರು.

"ಇದು?" ಎನ್ನುತ್ತಿದ್ದಳು ಸೊಸೆ.

"ಒಂಟಿ."

"ಇದು?"

"ನೀನೇ ಹೇಳು."

"ತುಂಬು. ಅಯ್ಯೋ, ಎಷ್ಟು ಸಪ್ಪಗಿದೆ ಪಾಪ."

"ಸಪ್ಪಗಿದೆ ಅಂತಾನೇ ಉಳಿಸ್ಬೇಕು. ಪಕ್ಕದ್ದರ ಜೊತೆ ಇಟ್ಟು ನೋಡು. ಒಂದನ್ನೇ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ."

ಎಲ್ಲ ಬರೆದಿಡಲು ಒಂದು ಪುಸ್ತಕವೂ ಬಂತು. ಯಾವ ಹೂವಿಗೆ ಕತ್ತಲೆ, ಯಾವುದಕ್ಕೆ ಬೆಳಕು, ಎಷ್ಟು ದಿನ, ಎಷ್ಟು ನೀರು: ಮಗಳು ಹೇಳಿದಳು, ಸೊಸೆ ಬರೆದಳು. ಅದನ್ನು ಕಂಡು ಅಮ್ಮನಿಗೆ ಮೊದಲು ಸಮಾಧಾನವಾಯಿತು. ಎರಡು ಮೂರು ದಿನದ ಮೇಲೆ ಒಂದು ಪ್ರಶ್ನೆ ಎದ್ದಿತು. ಇಲ್ಲೇ ಇರುವವರು ಯಾಕೆ ಬರೆಸುತ್ತಾರೆ?

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅಮ್ಮ ಮಗಳು ಇಬ್ಬರೇ ಬಟಾಣಿ ಬಿಡಿಸುತ್ತ ಕೂತಿದ್ದರು. ಅಮ್ಮ ಒಂದೇ ಸಿಪ್ಪೆಯನ್ನು ಬಹಳ ಹೊತ್ತಿನಿಂದ ಬೆರಳಲ್ಲಿ ಹೊಸೆಯುತ್ತಿದ್ದಳು.

"ಅವತ್ತು ನನಗೆ ಕಾಣಿಸ್ತು ಕಣೆ" ಎಂದಳು.

ಮಗಳ ಕೈ ನಿಲ್ಲಲಿಲ್ಲ. "ಗೊತ್ತು."

"ಬಕೆಟ್ಟು ತುಂಬ ಬಿಳಿಚಿದ್ದೇ ಇತ್ತು. ನಾನು ಹೇಳ್ಬಹುದಿತ್ತು. ಹೇಳ್ಲಿಲ್ಲ. ಮೊನ್ನೆ ಯಜಮಾನರ ಎದುರೂ ಸುಳ್ಳು ಹೇಳ್ದೆ."

"ಗೊತ್ತಮ್ಮ. ಮೂರು ಸಲ ಬಂದೆ ನೀನು. ಆ ಮಂಡಿ ಇಟ್ಕೊಂಡು." ಮಗಳು ಬಟಾಣಿಯನ್ನು ಬೋಗುಣಿಗೆ ಸುರಿದಳು. "ಕಿತ್ತ ಸಸೀನೆಲ್ಲ ಯಾಕೆ ಒದ್ದೆ ಬಟ್ಟೇಲಿ ಮುಚ್ಚಿಟ್ಟಿದ್ದೆ ಅನ್ಕೊಂಡೆ? ಸಾಯಂಕಾಲದವರೆಗೂ ನೀರು ಚಿಮುಕಿಸ್ತಿದ್ದೆ. ಅವತ್ತೇ ವಾಪಸು ನೆಟ್ಟಿದ್ರೆ ಎಲ್ಲ ಬದುಕ್ತಿದ್ವು. ನೀನು 'ಇದೇನೇ ಮಾಡ್ತಿದ್ದೀಯಾ' ಅಂದಿದ್ರೆ ಸಾಕಿತ್ತು. ಬೈದಿದ್ರೂ ಸಾಕಿತ್ತು."

ಅಮ್ಮ ಹೊಸೆಯುತ್ತಿದ್ದ ಸಿಪ್ಪೆಯನ್ನು ಕೆಳಗಿಟ್ಟು ಇನ್ನೊಂದನ್ನು ತೆಗೆದುಕೊಂಡಳು.

"ಅವತ್ತು ಬೆಳಿಗ್ಗೆ, ಅವನು ವ್ಯಾನು ತಗೊಂಡು ಹೋಗೋಕೆ ಮುಂಚೆನೇ, ನಾನು ಅವರ ಕೊಟ್ಟಿಗೆಗೆ ಹೋಗಿ ಬೇಡ ಅಂತ ಹೇಳಿ ಬಂದಿದ್ದೆ. ಅಮ್ಮಂಗೆ ಆಗಲ್ಲ, ಮಂಡಿ ನೋವು, ತಮ್ಮಂಗೆ ಕೆಲಸ ಗೊತ್ತಿಲ್ಲ, ನನ್ನಿಂದ ಬಿಟ್ಟುಬರೋಕೆ ಆಗಲ್ಲ ಅಂತ. ಅವರು ಸರಿ ಅಂದ್ರು. ಉಳಿಯೋದು ಅಂತ ತೀರ್ಮಾನ ಮಾಡ್ಕೊಂಡೇ ಚಿಮಟ ಹಿಡಿದಿದ್ದು."

"ಮತ್ತೆ?"

"ಮತ್ತೇನು. ದೀಪ ಹಾಕೋ ಹೊತ್ತಿಗೆ ನೀನು ಲೋಟ ತಗೊಂಡು ಹೋದೆ. ನಾನು ಬಕೆಟ್ಟುಗಳನ್ನ ಗೊಬ್ಬರದ ಗುಂಡಿಗೆ ಸುರಿದು, ನೇರ ಕೊಟ್ಟಿಗೆಗೆ ಹೋಗಿ, ಆಯ್ತು ಅಂದೆ. ಹೂ ಬಿಡೋವರೆಗೂ ತಡೀರಿ, ಮಾಡಿದ ತಪ್ಪು ತೀರಿಸಿ ಬರ್ತೀನಿ ಅಂದೆ. ತಡೆದಿದ್ದಾರೆ."

ಹೊರಗೆ ಸೊಸೆ ಯಾರಿಗೋ ಟ್ರೇ ಎಣಿಸಿ ಕೊಡುತ್ತಿದ್ದ ಸದ್ದು ಬರುತ್ತಿತ್ತು.

"ಹೋಗ್ಬೇಡ ಕಣೆ" ಎಂದಳು ಅಮ್ಮ. ಆ ಮಾತು ಅವಳ ಬಾಯಿಗೇ ಹೊಸದಾಗಿ ಕೇಳಿಸಿತು.

ಮಗಳು ಕೊನೆಗೂ ತಲೆಯೆತ್ತಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಮ್ಮನಿಗೆ ಒಂದು ದಾರಿ ಇರುತ್ತಿತ್ತು. "ಇದನ್ನ ಅವತ್ತು ಹೇಳಿದ್ದಿದ್ರೆ..." ಎಂದು ಅರ್ಧಕ್ಕೆ ಬಿಟ್ಟಳು. "ನನಗೆ ಹೇಳಿ ಏನು ಬಂತು, ನನಗೆ ಗೊತ್ತೇ ಇತ್ತು. ಅವನಿಗೆ ಹೇಳು. ಪಾಪ, ಎಲ್ಲ ತನ್ನೊಬ್ಬನಿಂದಲೇ ಆಯ್ತು ಅಂತ ಸರಿಯಾಗಿ ಉಣ್ತಿಲ್ಲ."

ಅಮ್ಮ ಅಂದೇ ಊಟದ ಹೊತ್ತಿಗೆ ಹೇಳಿದಳು. ಮಗ ಕೇಳಿಸಿಕೊಂಡ. ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ, "ಹಾಗಾದ್ರೆ ಈ ಮನೇಲಿ ನಾನೊಬ್ಬನೇ ಕುರುಡ" ಎಂದ. ಆಮೇಲೆ "ಕೇಳಿದ್ರೆ ಉಳೀತಿದ್ಲಲ್ಲಮ್ಮ" ಎಂದ.

"ಬಟಾಣಿ ಹಾಕ್ಲಾ?" ಎಂದಳು ಸೊಸೆ.

ಸಸಿಗಳು ಶುಕ್ರವಾರ ಹೋದವು. ಯಜಮಾನರು ಬಿಳಿಚಿದ ಟ್ರೇಗಳನ್ನು ನೋಡಿ, "ಈಗ ಕಾಯಿಲೆಯವರ ಹಾಗಿದೆ, ಸರಿಯಾಗಿದೆ" ಎಂದು ಕೊಡೆ ಕುಟ್ಟಿದರು. ಮದುವೆಯ ನೋಂದಣಿ ಕಚೇರಿಯಲ್ಲಿ ದಿನ ಸಿಕ್ಕಿದ್ದು ಸೋಮವಾರಕ್ಕೆ. ಮೂವರು ಸಾಕ್ಷಿಗಳು ಬೇಕು. ಅರ್ಜಿ ಎರಡು ದಿನದಿಂದ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ ಇತ್ತು. ಮಗ ಒಂದು ಸಾಲಿನಲ್ಲಿ ಹೆಸರು ಬರೆದ, ಸೊಸೆ ಒಂದರಲ್ಲಿ. ಮೂರನೆಯ ಸಾಲು ಖಾಲಿ. ಅಮ್ಮ ಮೇಜು ಒರೆಸುವಾಗ ಅರ್ಜಿಯನ್ನು ಎತ್ತಿ ಒರೆಸಿ, ಮತ್ತೆ ಹಾಗೆಯೇ ಇಡುತ್ತಿದ್ದಳು. ಕೇಳಲಿ ಎಂದುಕೊಂಡಳು. ಯಾರೂ ಕೇಳಲಿಲ್ಲ. ಭಾನುವಾರ ಮಧ್ಯಾಹ್ನ ನೋಡಿದಾಗ ಆ ಸಾಲಿನಲ್ಲಿ ಬಡಗಿಯ ಕೊಟ್ಟಿಗೆಯಲ್ಲಿ ಮರ ಕೊಯ್ಯುವವನ ಹೆಸರಿತ್ತು.

ಸೋಮವಾರ ಬೆಳಿಗ್ಗೆ ಮಗಳು ಎಂದಿನಂತೆ ಕೈ ಕೊಟ್ಟು ಅಮ್ಮನನ್ನು ಎಬ್ಬಿಸಿದಳು. ತಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಉಗುರಿನ ಸಂದಿನ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿದಳು. ಅದು ಹೋಗಲಿಲ್ಲ.

"ನಾನೂ ಬರ್ಲಾ?" ಎಂದಳು ಅಮ್ಮ.

"ಬಾಮ್ಮ. ಬರೋಕೆ ಯಾರಪ್ಪಣೆ ಬೇಕು?"

"ಸಹಿಗೆ ಜಾಗ..."

"ಮೂರೇ ಇದ್ದಿದ್ದು. ತುಂಬಿಹೋಯ್ತು."

ಕಚೇರಿಯ ಕೋಣೆ ಚಿಕ್ಕದು. ಗೋಡೆಗೆ ಹಸಿರು ಬಣ್ಣ, ಮೇಲೆ ಕಿರುಗುಡುವ ಫ್ಯಾನು. ಬಡಗಿ ಹೊಸ ಅಂಗಿಯಲ್ಲಿ ಬಿಗಿದುಕೊಂಡು ನಿಂತಿದ್ದ. ಈ ಸಲ ಹುಬ್ಬು ಚೊಕ್ಕಟವಾಗಿತ್ತು. ಗುಮಾಸ್ತ ಒಬ್ಬೊಬ್ಬರನ್ನೇ ಕರೆದು, ಅರ್ಜಿಯಲ್ಲಿದ್ದ ಹೆಸರಿನ ಜೊತೆ ಮುಖವನ್ನು ತಾಳೆ ನೋಡಿದ. ವಧು, ವರ, ಮೂವರು ಸಾಕ್ಷಿಗಳು. ಆಮೇಲೆ ಕನ್ನಡಕ ಸರಿಸಿ, ಅವರ ಹಿಂದೆ ಮಂಡಿ ಹಿಡಿದುಕೊಂಡು ನಿಂತಿದ್ದ ಅಮ್ಮನನ್ನು ನೋಡಿದ.

"ನೀವು ಯಾರಮ್ಮ?"

"ನಾನು ಇವಳ ತಾಯಿ" ಎಂದಳು ಅಮ್ಮ. ಪಕ್ಕದ ಮೇಜಿನವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು.

ಗುಮಾಸ್ತ ಕಾಗದದ ಮೇಲಿನಿಂದ ಕೆಳಗಿನವರೆಗೆ ಬೆರಳು ಓಡಿಸಿದ. "ತಾಯಿಯ ಸಹಿ ಎಲ್ಲೂ ಕೇಳಿಲ್ಲಮ್ಮ" ಎಂದ, ಮೆದುವಾಗಿಯೇ. "ಅಲ್ಲಿ ಬೆಂಚಿದೆ, ಕೂತ್ಕೊಳ್ಳಿ."

ಅಮ್ಮ ಹೋಗಿ ಕೂತಳು. ಅಲ್ಲಿಂದ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು.